ಎಂಜಿನಿಯರಿಂಗ್ ಆಸೆಯ ಮಕ್ಕಳಿಗೆ ಯಾವ ಶಾಲೆ? ತಪ್ಪು ಕಲ್ಪನೆ ಮತ್ತು ಸತ್ಯ

ಎಂಜಿನಿಯರಿಂಗ್ ಸೀಟಿನ ಲೆಕ್ಕಾಚಾರ ದ್ವಿತೀಯ ಪಿಯುಸಿ ಮುಗಿದ ಮೇಲೆ ಶುರುವಾಗುತ್ತದೆ ಎಂಬುದು ಕರ್ನಾಟಕದ ಬಹುಪಾಲು ಮನೆಗಳ ನಂಬಿಕೆ. ನಿಜವಾಗಿ ಆ ಲೆಕ್ಕದ ಒಂದು ಪಾಲು ಒಂದನೇ ತರಗತಿಯ ದಾಖಲಾತಿಯಲ್ಲೇ ಬರೆದಾಗಿರುತ್ತದೆ. ಎಂಟನೇ ತರಗತಿಗೆ ಶಾಲೆ ಬದಲಿಸುವಾಗ ಅದನ್ನು ಉಳಿಸಿಕೊಳ್ಳಬಹುದು, ಕಳೆದುಕೊಳ್ಳಲೂಬಹುದು. ಗಣಿತದಲ್ಲಿ ಚುರುಕಾದ ಮಗು ಮನೆಯಲ್ಲಿದೆ ಎಂದು ಗೊತ್ತಾಗುವುದು ಸಾಮಾನ್ಯವಾಗಿ ಏಳನೇ ತರಗತಿಯ ಹೊತ್ತಿಗೆ. ಊರಿನ ಸರ್ಕಾರಿ ಪ್ರೌಢಶಾಲೆಯೋ, ಪೇಟೆಯ ಶಾಲೆಯೋ ಎಂಬ ಚರ್ಚೆ ಏಳುವುದೂ ಆಗಲೇ. ಆ ಚರ್ಚೆಯಲ್ಲಿ ಬಂದುಹೋಗುವ ಮಾತುಗಳಲ್ಲಿ ಹಲವು ಅರ್ಧ ಸತ್ಯ, ಕೆಲವು ಪೂರ್ತಿ ತಪ್ಪು.

"ಎಂಜಿನಿಯರ್ ಆಗಬೇಕಾದರೆ ಎಂಟನೇ ತರಗತಿಗೇ ಪೇಟೆ ಸೇರಬೇಕು"

ಅತಿ ಹೆಚ್ಚು ನಷ್ಟ ತರುವ ನಂಬಿಕೆ ಇದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ಮೂಲಕ ಹಂಚುವ ಎಂಜಿನಿಯರಿಂಗ್ ಸೀಟುಗಳಲ್ಲಿ 15% ಗ್ರಾಮೀಣ ವಿದ್ಯಾರ್ಥಿಗಳಿಗೆ ಮೀಸಲು. ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ರಾಜ್ಯದ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು ಎಂಬುದು ಇದರ ಷರತ್ತು. ಒಂಬತ್ತು ವರ್ಷ ಹಳ್ಳಿಯಲ್ಲಿ ಓದಿ ಹತ್ತನೇ ತರಗತಿಗೆ ಮಾತ್ರ ತಾಲ್ಲೂಕು ಕೇಂದ್ರಕ್ಕೆ ಹೋದರೂ ಈ ಅವಕಾಶ ಕೈತಪ್ಪುತ್ತದೆ. ಒಂದು ವರ್ಷಕ್ಕೆಂದು ವಿನಾಯಿತಿ ಇಲ್ಲ.

ಮನೆ ಎಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ; ಶಾಲೆ ಎಲ್ಲಿದೆ ಎಂಬುದೇ ಮುಖ್ಯ. ತೋಟದ ಮನೆಯಿಂದ ದಿನವೂ ಬಸ್ಸು ಹಿಡಿದು ಪುರಸಭೆಯ ಸರಹದ್ದಿನೊಳಗಿನ ಶಾಲೆಗೆ ಹೋಗುವ ಹುಡುಗಿಯ ಓದು ನಿಯಮದ ಕಣ್ಣಿಗೆ ನಗರದ ಓದು. ಮಹಾನಗರ ಪಾಲಿಕೆ, ನಗರಸಭೆ, ಪುರಸಭೆಗಳಷ್ಟೇ ಅಲ್ಲ, ಪಟ್ಟಣ ಪಂಚಾಯಿತಿಯ ವ್ಯಾಪ್ತಿಯೂ ಗ್ರಾಮೀಣ ಪ್ರದೇಶದಿಂದ ಹೊರಗುಳಿಯುತ್ತದೆ. ನೋಡಲು ಹಳ್ಳಿಯಂತೆಯೇ ಇರುವ ಹೋಬಳಿ ಕೇಂದ್ರ ಪಟ್ಟಣ ಪಂಚಾಯಿತಿಯಾಗಿದೆಯೇ ಎಂದು ಶಾಲೆಗೆ ಸೇರಿಸುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಸಾಮಾನ್ಯ ವರ್ಗದ ವಿದ್ಯಾರ್ಥಿಗಳಿಗೆ ಕುಟುಂಬ ಕೆನೆಪದರದಲ್ಲಿಲ್ಲ ಎಂಬ ಪ್ರಮಾಣಪತ್ರವೂ ಬೇಕಾಗುತ್ತದೆ.

ಈ 15% ಪ್ರತ್ಯೇಕ ರಾಶಿಯಾಗಿ ನಿಲ್ಲುವುದಿಲ್ಲ. ಪ್ರತಿ ವರ್ಗದೊಳಗೂ ಅದಕ್ಕೊಂದು ಪಾಲಿರುತ್ತದೆ. ಸಿಇಟಿಯ ಕಟ್ ಆಫ್ ಪಟ್ಟಿ ತೆರೆದರೆ ಜಿಎಂ ಪಕ್ಕದಲ್ಲಿ ಜಿಎಂಆರ್, ಜಿಎಂಕೆ, 2ಎಜಿ ಪಕ್ಕದಲ್ಲಿ 2ಎಆರ್, 2ಎಕೆ ಎಂಬ ಕಾಲಂಗಳು ಕಾಣುತ್ತವೆ. ಜಿಎಂ ಎಂದರೆ ಸಾಮಾನ್ಯ ವರ್ಗ, ಆರ್ ಎಂದರೆ ಗ್ರಾಮೀಣ, ಕೆ ಎಂದರೆ ಕನ್ನಡ ಮಾಧ್ಯಮ. ತಮ್ಮ ವರ್ಗದ ಈ ಮೂರು ಕಾಲಂಗಳನ್ನು ಅಕ್ಕಪಕ್ಕ ಇಟ್ಟು ಓದಿದ ಪೋಷಕರಿಗೆ, ಮಗು ಹಳ್ಳಿಯ ಶಾಲೆಯಲ್ಲಿ ಕಳೆದ ವರ್ಷಗಳ ಬೆಲೆ ಬೇರೆ ಯಾರೂ ಹೇಳಬೇಕಾಗುವುದಿಲ್ಲ.

ಪಿಯುಸಿಗೆ ಪೇಟೆ ಸೇರಿದರೆ ಈ ಹಕ್ಕಿಗೆ ಧಕ್ಕೆಯಿಲ್ಲ. ಷರತ್ತು ಇರುವುದು ಹತ್ತನೇ ತರಗತಿಯವರೆಗೆ ಮಾತ್ರ. ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನದ ಮೇಷ್ಟರು ಇದ್ದು ಪಾಠ ನಡೆಯುತ್ತಿದ್ದರೆ, ಪೇಟೆಗೆ ಹೋಗುವ ತೀರ್ಮಾನವನ್ನು ಮೂರು ವರ್ಷ ಮುಂದೂಡುವುದೇ ಸರಿಯಾದ ದಾರಿ. ಮೇಷ್ಟರೇ ಇಲ್ಲದ ಶಾಲೆಯ ಮಾತು ಬೇರೆ. ಮೀಸಲಾತಿಯ ಆಸೆಗೆ ಮೂರು ವರ್ಷದ ಗಣಿತವನ್ನು ಬಲಿಕೊಡಬಾರದು. ಕಟ್ ಆಫ್ ಎಷ್ಟೇ ಸಡಿಲವಾದರೂ ಗಣಿತ ಬಾರದ ವಿದ್ಯಾರ್ಥಿಗೆ ಎಂಜಿನಿಯರಿಂಗ್‌ನ ಮೊದಲ ಸೆಮಿಸ್ಟರ್ ಸಡಿಲವಾಗುವುದಿಲ್ಲ.

ಸರ್ಕಾರಿ ಶಾಲೆ ಬಿಡುವಾಗ ಮರೆತುಹೋಗುವ ಇನ್ನೊಂದು ಸಂಗತಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನ. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳ ಎಂಟನೇ ತರಗತಿಯ ಮಕ್ಕಳು ಬರೆಯುವ ಈ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಖಾಸಗಿ ಶಾಲೆ, ನವೋದಯ, ಕೇಂದ್ರೀಯ ವಿದ್ಯಾಲಯದ ಮಕ್ಕಳಿಗೆ ಇದು ಇಲ್ಲ.

"ಕನ್ನಡ ಮಾಧ್ಯಮದಲ್ಲಿ ಓದಿದರೆ ಎಂಜಿನಿಯರಿಂಗ್ ಆಗದು"

ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸೀಟುಗಳಲ್ಲಿ 5% ಮೀಸಲಿದೆ. ಇಲ್ಲಿಯೂ ಹತ್ತು ವರ್ಷಗಳ ಷರತ್ತೇ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆದು ಆದರ್ಶ ವಿದ್ಯಾಲಯ ಸೇರಿದ ಮಗು ಇಂಗ್ಲಿಷ್ ಮಾಧ್ಯಮಕ್ಕೆ ಹೋದಂತೆ. ಆಮೇಲೆ ಈ 5% ಸಿಗುವುದಿಲ್ಲ. ಹಾಗೆಂದು ಆದರ್ಶ ವಿದ್ಯಾಲಯವನ್ನೋ ನವೋದಯವನ್ನೋ ಬಿಡಬೇಕೆಂದಲ್ಲ. ಎರಡೂ ಸರ್ಕಾರದ ಒಳ್ಳೆಯ ಶಾಲೆಗಳೇ. ಏನನ್ನು ಪಡೆಯಲು ಏನನ್ನು ಬಿಡುತ್ತಿದ್ದೇವೆ ಎಂಬುದು ತಿಳಿದು ಸೇರಿಸಬೇಕು, ಅಷ್ಟೆ.

ಮಾಧ್ಯಮ ಬದಲಾವಣೆಯ ಕಷ್ಟ ಸುಳ್ಳಲ್ಲ. ಪ್ರಥಮ ಪಿಯುಸಿಯ ಜೂನ್, ಜುಲೈ ತಿಂಗಳ ಭೌತಶಾಸ್ತ್ರ ತರಗತಿಯಲ್ಲಿ ಅದು ಎದ್ದು ಕಾಣುತ್ತದೆ. ವೇಗೋತ್ಕರ್ಷ ಎಂದರೇನೆಂದು ಚೆನ್ನಾಗಿ ಬಲ್ಲ ಹುಡುಗ ಆಕ್ಸಲರೇಷನ್ ಎಂಬ ಶಬ್ದ ಕೇಳಿ ತಡವರಿಸುತ್ತಾನೆ. ಸಂವೇಗ ಮೊಮೆಂಟಮ್ ಆಗಿರುತ್ತದೆ, ಜಡತ್ವ ಇನರ್ಷಿಯಾ ಆಗಿರುತ್ತದೆ, ರೋಧ ರೆಸಿಸ್ಟನ್ಸ್ ಆಗಿರುತ್ತದೆ. ವಿಷಯ ಹಳೆಯದು, ಹೆಸರು ಹೊಸದು. ಗಣಿತದಲ್ಲಿ ಈ ತೊಡಕು ಕಡಿಮೆ, ಏಕೆಂದರೆ ವರ್ಗ ಸಮೀಕರಣದ ಸೂತ್ರ ಎರಡೂ ಭಾಷೆಯಲ್ಲಿ ಒಂದೇ. ಒಂಬತ್ತು, ಹತ್ತನೇ ತರಗತಿಯಲ್ಲೇ ವಿಜ್ಞಾನ ಪುಸ್ತಕದ ಪ್ರತಿ ಪಾಠದ ಪದಗಳನ್ನು ಎರಡೂ ಭಾಷೆಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆಸುವ ಶಿಕ್ಷಕರಿದ್ದಾರೆ. ಅಂಥ ಶಿಕ್ಷಕರಿರುವ ಕನ್ನಡ ಶಾಲೆಯ ಮಕ್ಕಳು ಕಾಲೇಜಿನಲ್ಲಿ ಬೇಗ ಚೇತರಿಸಿಕೊಳ್ಳುತ್ತಾರೆ. ಶಾಲೆ ನೋಡಲು ಹೋದವರು ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು. ಅಂದಹಾಗೆ, ಜೆಇಇ ಮೇನ್ ಪರೀಕ್ಷೆಯನ್ನೂ 2021ರಿಂದ ಕನ್ನಡದಲ್ಲಿ ಬರೆಯಬಹುದು.

"ಸ್ಟೇಟ್ ಸಿಲಬಸ್ಸಿನಲ್ಲಿ ಗಣಿತ, ವಿಜ್ಞಾನ ಸಪ್ಪೆ"

ಹಿಂದೆ ಈ ಮಾತಿಗೆ ಆಧಾರವಿತ್ತು. ಈಗ ರಾಜ್ಯದ ಪ್ರೌಢಶಾಲೆಗಳ ಗಣಿತ, ವಿಜ್ಞಾನ ಪಠ್ಯಗಳು ಎನ್‌ಸಿಇಆರ್‌ಟಿಯವೇ. ಪಿಯು ವಿಜ್ಞಾನದ ಪಠ್ಯವೂ ಅದೇ. ಸಿಬಿಎಸ್‌ಇ ಶಾಲೆಯ ಮಗು ಬಿಡಿಸುವ ತ್ರಿಕೋನಮಿತಿಯ ಲೆಕ್ಕವನ್ನೇ ಸರ್ಕಾರಿ ಶಾಲೆಯ ಮಗು ಕನ್ನಡದಲ್ಲಿ ಬಿಡಿಸುತ್ತದೆ.

"ಹತ್ತನೇ ತರಗತಿ ಅಂಕವೇ ಎಂಜಿನಿಯರಿಂಗ್ ಭವಿಷ್ಯ, ಪಿಯುಸಿಯಲ್ಲಿ ಸಿಇಟಿ ಕೋಚಿಂಗ್ ಸಾಕು"

ಎಸ್ಎಸ್ಎಲ್‌ಸಿ ಅಂಕ ಸಿಇಟಿ ರ‍್ಯಾಂಕಿನಲ್ಲಿ ಎಲ್ಲೂ ಸೇರುವುದಿಲ್ಲ. ಪಿಯು ಕಾಲೇಜಿನ ಸೀಟಿಗೆ, ಪಾಲಿಟೆಕ್ನಿಕ್ ಪ್ರವೇಶಕ್ಕೆ ಅದು ಬೇಕು. ಎಂಜಿನಿಯರಿಂಗ್ ರ‍್ಯಾಂಕ್ ನಿರ್ಧಾರವಾಗುವುದು ಸಿಇಟಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಅರ್ಧ, ದ್ವಿತೀಯ ಪಿಯುಸಿಯ ಅದೇ ಮೂರು ವಿಷಯಗಳ ಅಂಕಗಳಿಂದ ಇನ್ನರ್ಧ.

ಈ ಲೆಕ್ಕವನ್ನು ಕೂತು ಮಾಡಿ ನೋಡಬೇಕು. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಅಂಕ, ಒಟ್ಟು 180. ಪಿಯುಸಿಯಲ್ಲಿ ಮೂರು ವಿಷಯಕ್ಕೆ 300. ಪಿಯುಸಿಯಲ್ಲಿ 270 ಪಡೆದ ವಿದ್ಯಾರ್ಥಿನಿಗೆ 90% ಆಯಿತು. ಸಿಇಟಿಯಲ್ಲಿ 90 ಅಂಕ ಬಂದರೆ 50%. ಸರಾಸರಿ 70. ಇನ್ನೊಬ್ಬ ವಿದ್ಯಾರ್ಥಿ ಪಿಯುಸಿಯಲ್ಲಿ 240 ಪಡೆದು 80% ಮಾಡಿದ್ದಾನೆ, ಸಿಇಟಿಯಲ್ಲಿ 108 ತೆಗೆದು 60%. ಅವನ ಸರಾಸರಿಯೂ 70. ಅಂದರೆ ಪಿಯುಸಿಯ 30 ಅಂಕದ ಮುನ್ನಡೆಯನ್ನು ಸಿಇಟಿಯ 18 ಅಂಕ ಸರಿಗಟ್ಟಿತು. ಸಿಇಟಿಯ ಮೂರು ಅಂಕ ಪಿಯುಸಿಯ ಐದು ಅಂಕಕ್ಕೆ ಸಮ. ಆದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಪ್ರಾಯೋಗಿಕ ಪರೀಕ್ಷೆಗೇ ತಲಾ 30 ಅಂಕಗಳಿವೆ. ಬಹು ಆಯ್ಕೆಯ ಪ್ರಶ್ನೆಗಳನ್ನಷ್ಟೇ ತಿದ್ದಿಸಿ, ಲ್ಯಾಬಿಗೆ ಬೀಗ ಹಾಕಿ, ಉತ್ತರ ಬರೆಯುವ ಅಭ್ಯಾಸ ಬಿಡಿಸುವ ಕಾಲೇಜು ಪಿಯುಸಿಯ ಅರ್ಧವನ್ನು ಕಳೆಯುತ್ತದೆ. ಬರೀ ನೋಟ್ಸ್ ಬರೆಸುವ ಕಾಲೇಜು ಉಳಿದರ್ಧವನ್ನು ಕಳೆಯುತ್ತದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಜೆಇಇ ಮೇನ್‌ನಲ್ಲಿ ನಾಲ್ಕು ಅಂಕದ ಪ್ರಶ್ನೆ ತಪ್ಪಾದರೆ ಒಂದು ಅಂಕ ಹೋಗುತ್ತದೆ. ಎರಡಕ್ಕೂ ಒಂದೇ ತಯಾರಿ ಎಂಬುದೂ ಪೂರ್ತಿ ಸರಿಯಲ್ಲ.

ಸರ್ಕಾರಿ ಪಿಯು ಕಾಲೇಜುಗಳು ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚಿವೆ, ಆದರೆ ಎಲ್ಲದರಲ್ಲೂ ವಿಜ್ಞಾನ ವಿಭಾಗವಿಲ್ಲ. ಪ್ರೌಢಶಾಲೆ ಮತ್ತು ಪಿಯು ಒಂದೇ ಆವರಣದಲ್ಲಿರುವ ಕಡೆ ಎಂಟನೇ ತರಗತಿಗೆ ಸೇರಿಸುವಾಗಲೇ ಮೇಲೆ ವಿಜ್ಞಾನ ಇದೆಯೇ, ಗಣಿತ, ಭೌತಶಾಸ್ತ್ರಕ್ಕೆ ಉಪನ್ಯಾಸಕರು ಇದ್ದಾರೆಯೇ, ಇದ್ದರೆ ಕಾಯಂ ನೇಮಕದವರೋ ಅತಿಥಿ ಉಪನ್ಯಾಸಕರೋ ಎಂದು ವಿಚಾರಿಸಿದರೆ ಐದು ವರ್ಷದ ದಾರಿ ಕಾಣುತ್ತದೆ.

"ಕಂಪ್ಯೂಟರ್ ಎಂಜಿನಿಯರ್ ಆಗಲು ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಇರಲೇಬೇಕು"

ಬೇಕಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರುವ ಪಿಸಿಎಂಬಿ, ಪಿಸಿಎಂಸಿ, ಪಿಸಿಎಂಇ ಯಾವುದೇ ಸಂಯೋಜನೆಯಿಂದಲೂ ಯಾವ ಬ್ರಾಂಚಿಗೂ ಹೋಗಬಹುದು. ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಪಿಸಿಎಂಬಿ ಮಾತ್ರ ಇದೆಯೆಂದು ದುಬಾರಿ ಕಾಲೇಜಿಗೆ ಓಡುವ ಅಗತ್ಯವಿಲ್ಲ. ವಾಣಿಜ್ಯ ವಿಭಾಗದ ಬೇಸಿಕ್ ಮ್ಯಾಥ್ಸ್ ಮಾತ್ರ ಗಣಿತಕ್ಕೆ ಸಮವಲ್ಲ. ಅದನ್ನು ಓದಿದವರಿಗೆ ಎಂಜಿನಿಯರಿಂಗ್ ಅರ್ಹತೆ ಬರುವುದಿಲ್ಲ.

"ರೊಬೊಟಿಕ್ಸ್ ಲ್ಯಾಬ್ ಇದ್ದರೆ ಅದೇ ಎಂಜಿನಿಯರಿಂಗ್ ಶಾಲೆ"

ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಆಯ್ಕೆಯಾದ ಶಾಲೆಗೆ ನೀತಿ ಆಯೋಗದಿಂದ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಸರ್ಕಾರಿ ಶಾಲೆಗಳಲ್ಲೂ ಈ ಲ್ಯಾಬ್‌ಗಳಿವೆ. ಗೋಡೆಯ ಮೇಲಿನ ಫಲಕದಿಂದ ಏನೂ ತಿಳಿಯುವುದಿಲ್ಲ. ಶಾಲೆಗೆ ಹೋದವರು ಮಾಮೂಲಿ ವಿಜ್ಞಾನ ಪ್ರಯೋಗಾಲಯವನ್ನೇ ಮೊದಲು ನೋಡಬೇಕು. ಓಮನ ನಿಯಮದ ಪ್ರಯೋಗಕ್ಕೆ ಬೇಕಾದ ಅಮ್ಮೀಟರ್, ವೋಲ್ಟ್‌ಮೀಟರ್, ನೈಕ್ರೋಮ್ ತಂತಿ ಕೈಗೆ ಸಿಗುವಂತೆ ಮೇಜಿನ ಮೇಲಿವೆಯೇ, ಬೀರುವಿನಲ್ಲಿ ಧೂಳು ಹಿಡಿದಿವೆಯೇ? ಮಕ್ಕಳ ರೆಕಾರ್ಡ್ ಪುಸ್ತಕದಲ್ಲಿ ಎಲ್ಲರ ರೀಡಿಂಗ್ ಒಂದೇ ತೆರನಾಗಿದ್ದರೆ ಅದು ಗೈಡಿನಿಂದ ಇಳಿಸಿದ್ದು. ತಂಡದಿಂದ ತಂಡಕ್ಕೆ ಅಂಕಿ ಕೊಂಚ ಬೇರೆಯಾಗಿದ್ದು ಅಲ್ಲಲ್ಲಿ ಹೊಡೆದು ಬರೆದಿದ್ದರೆ ಅಲ್ಲಿ ಪ್ರಯೋಗ ನಡೆದಿದೆ ಎಂದು ನಂಬಬಹುದು.

ಎಸ್ಎಸ್ಎಲ್‌ಸಿಯಲ್ಲೇ ಎಂಜಿನಿಯರಿಂಗ್ ಗ್ರಾಫಿಕ್ಸ್‌ನಂಥ ವಿಷಯ ಕಲಿಸುವ ಕಿರಿಯ ತಾಂತ್ರಿಕ ಶಾಲೆಗಳೂ ರಾಜ್ಯದಲ್ಲಿವೆ. ಅವುಗಳಿಂದ ಕೈಗೆ ಕಸುಬು ಬರುತ್ತದೆ. ಸಿಇಟಿ ರ‍್ಯಾಂಕಿಗೆ ಆ ಅಂಕ ಸೇರುವುದಿಲ್ಲ.

"ಡಿಪ್ಲೊಮಾ ಸೇರಿದರೆ ಬಿಇ ಬಾಗಿಲು ಮುಚ್ಚಿತು"

ಹತ್ತನೇ ತರಗತಿಯ ನಂತರ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಓದಿ, ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಪಿಯುಸಿ ದಾರಿಯಲ್ಲಿ ಎರಡು ಮತ್ತು ನಾಲ್ಕು ಸೇರಿ ಆರು ವರ್ಷ. ಡಿಪ್ಲೊಮಾ ದಾರಿಯಲ್ಲಿ ಮೂರು ಮತ್ತು ಮೂರು ಸೇರಿ ಅದೇ ಆರು. ನಡುವೆ ಮನೆಯ ಪರಿಸ್ಥಿತಿ ಬಿಗಡಾಯಿಸಿದರೆ ಡಿಪ್ಲೊಮಾ ಹಿಡಿದು ಕೆಲಸಕ್ಕೆ ಸೇರುವ ಅವಕಾಶ ಉಳಿದಿರುತ್ತದೆ. ಡೆನ್ಮಾರ್ಕ್ ಸಹಯೋಗದಲ್ಲಿ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಟೂಲ್ ಅಂಡ್ ಡೈ ಡಿಪ್ಲೊಮಾ ಯಂತ್ರಗಳ ಜೊತೆ ಪಳಗಿಸುವ ಶಿಕ್ಷಣಕ್ಕೆ ಹೆಸರುವಾಸಿ. ಎರಡನೇ ವರ್ಷಕ್ಕೆ ಬರುವ ಡಿಪ್ಲೊಮಾ ವಿದ್ಯಾರ್ಥಿಗಳು ಎಡವುವುದು ಗಣಿತದಲ್ಲಿ. ಅದಕ್ಕೆ ಮೊದಲೇ ಸಿದ್ಧರಾಗಿರಬೇಕು.

ಹೊರರಾಜ್ಯದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಒಂದು ಮಾತು. ಪಿಯುಸಿಗೆ ಊರಿಗೆ ಬಂದರೆ ಸಿಇಟಿ ಸೀಟಿನ ಅರ್ಹತೆ ತಾನಾಗಿ ಬರುವುದಿಲ್ಲ. ಸಾಮಾನ್ಯ ನಿಯಮದಂತೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಕನ್ನಡ ಭಾಷಾ ಪರೀಕ್ಷೆಯೊಂದಿಗೆ ಪ್ರತ್ಯೇಕ ಅವಕಾಶವಿದೆ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ ಓದಿದ ಶಾಲೆಗಳ ಮುಖ್ಯೋಪಾಧ್ಯಾಯರು ಕೊಟ್ಟ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಇರುವ ವ್ಯಾಸಂಗ ಪ್ರಮಾಣಪತ್ರ ಬೇಕು. ಪ್ರಾಥಮಿಕ ಶಾಲೆ ಒಂದು ಊರು, ಪ್ರೌಢಶಾಲೆ ಇನ್ನೊಂದು ಊರಾಗಿದ್ದರೆ ಎರಡೂ ಕಡೆಯದು ಬೇಕಾಗುತ್ತದೆ. ಸಿಇಟಿ ಅರ್ಜಿಯ ಗಡಿಬಿಡಿಗೆ ಕಾಯದೆ, ಎಸ್ಎಸ್ಎಲ್‌ಸಿ ಮುಗಿದು ವರ್ಗಾವಣೆ ಪತ್ರ ತರಲು ಹೋದ ದಿನವೇ ಅದನ್ನೂ ಬರೆಸಿಕೊಂಡು ಬನ್ನಿ.