ಗೇಣಿ ಹೋಯಿತು, ಬಾಡಿಗೆ ಬಂದಿತು

ಪುತ್ತೂರಿನಲ್ಲಿ ಮನೆ ಹಿಡಿಯಬೇಕೋ, ಸುಳ್ಯದಲ್ಲಿಯೋ, ಅಥವಾ ಕಡಬದಲ್ಲಿಯೇ ಇದ್ದುಬಿಡಬೇಕೋ ಎಂಬುದು ದಕ್ಷಿಣ ಕನ್ನಡದ ಪೂರ್ವಭಾಗದ ಸಾಮಾನ್ಯ ಸಂಸಾರಸ್ಥನನ್ನು ವರ್ಷವರ್ಷವೂ ಕಾಡುವ ಪ್ರಶ್ನೆಯಾಗಿದೆ. ವರ್ಗವಾಗಿ ಬಂದ ಉಪಾಧ್ಯಾಯರು, ಆಸ್ಪತ್ರೆಯ ದಾದಿಯರು, ಬ್ಯಾಂಕಿನ ಗುಮಾಸ್ತರು, ಮಕ್ಕಳ ವಿದ್ಯಾಭ್ಯಾಸಕ್ಕಾಗಿ ತೋಟದ ಮನೆಗೆ ಬೀಗ ಹಾಕಿ ಪೇಟೆಗೆ ಇಳಿದ ಕೃಷಿಕರು, ಎಲ್ಲರೂ ಮೊದಲು ಕೇಳುವುದು ಬಾಡಿಗೆ ಎಷ್ಟೆಂದು. ಪುತ್ತೂರು ತುಟ್ಟಿ, ಸುಳ್ಯ ಮಧ್ಯಮ, ಕಡಬ ಅಗ್ಗವೆಂಬ ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ಈ ಉತ್ತರವು ಸುಳ್ಳೆಂದು ನಾವು ಹೇಳುವುದಿಲ್ಲ. ಅದು ಅರ್ಧ ಲೆಕ್ಕವೆಂದಷ್ಟೇ ಹೇಳುತ್ತೇವೆ. ತಿಂಗಳ ಮೊದಲ ವಾರದಲ್ಲಿ ಮನೆಯೊಡೆಯನ ಕೈಗೆ ಕೊಡುವ ಹಣವು ವಾಸದ ವೆಚ್ಚದಲ್ಲಿ ಒಂದು ಪಾಲು ಮಾತ್ರ. ಬಸ್ಸಿಗೆ ದಿನದಿನವೂ ತೆರುವ ಹಣ, ಮಳೆಗಾಲಕ್ಕೆ ತೆರುವ ಹಣ, ಕಚೇರಿ ಆಸ್ಪತ್ರೆಗಳ ದಾರಿಯಲ್ಲಿ ಕಳೆದುಹೋಗುವ ಕೂಲಿ, ಇವೆಲ್ಲವೂ ಉಳಿದ ಪಾಲುಗಳು. ಈ ಪೂರ್ಣ ಲೆಕ್ಕವನ್ನು ಬರೆದು ನೋಡುವವರು ವಿರಳ.

ಈ ಮೂರು ಊರುಗಳೂ ಒಂದು ಕಾಲದಲ್ಲಿ ಒಂದೇ ತಾಲೂಕಿನೊಳಗಿದ್ದುವು. 1834ರಲ್ಲಿ ಕೊಡಗು ಕಂಪೆನಿ ಸರಕಾರದ ವಶವಾದ ಬಳಿಕ ಪುತ್ತೂರು, ಅಮರಸುಳ್ಯ ಸೀಮೆಗಳನ್ನು ಅದರಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ತೆರಬೇಕೆಂದು ವಿಧಿಸಿದುದು 1837ರ ಅಮರಸುಳ್ಯದ ದಂಗೆಯ ಮುಖ್ಯ ಕಾರಣಗಳಲ್ಲೊಂದು. ನೆಲದ ಹೊರೆಯನ್ನು ದೂರದಲ್ಲಿ ಕುಳಿತವರು ಗೊತ್ತುಮಾಡಿದರೆ ಏನಾಗುವುದೆಂಬುದನ್ನು ಈ ಸೀಮೆಯ ರೈತರು ಅಂದೇ ತೋರಿಸಿಕೊಟ್ಟರು. ಸ್ವಾತಂತ್ರ್ಯಾನಂತರ, 1960ರ ದಶಕದ ಮಧ್ಯದಲ್ಲಿ, ಸುಳ್ಯವು ಪ್ರತ್ಯೇಕ ತಾಲೂಕಾಯಿತು. ಕಡಬ ತಾಲೂಕು 2013ರ ಆಯವ್ಯಯದಲ್ಲಿ ಘೋಷಿತವಾದರೂ, ಪುತ್ತೂರು ಸುಳ್ಯಗಳೆರಡರಿಂದಲೂ ಗ್ರಾಮಗಳನ್ನು ಪಡೆದು ಕಾರ್ಯರೂಪಕ್ಕೆ ಬರಲು ಮತ್ತೆ ಐದಾರು ವರ್ಷಗಳು ಹಿಡಿದುವು. ಹೀಗೆ ಒಂದು ಮೂರಾಯಿತು. ಆದರೆ ಸೌಕರ್ಯಗಳು ಸಮನಾಗಿ ಹಂಚಿಕೆಯಾಗಲಿಲ್ಲ.

ಪುತ್ತೂರಿನ ಸ್ಥಿತಿಯನ್ನು ಮೊದಲು ನೋಡೋಣ. ಮಂಗಳೂರಿನಿಂದ ಸುಮಾರು 50 ಕಿಲೋಮೀಟರು ದೂರದ ಈ ಪಟ್ಟಣದಲ್ಲಿ ಸಹಾಯಕ ಕಮಿಷನರರ ಕಚೇರಿಯಿದೆ, ಸರಕಾರಿ ಬಸ್ಸುಗಳ ವಿಭಾಗೀಯ ಕಚೇರಿಯಿದೆ, ವಾಹನ ನೋಂದಣಿಯ ಕಚೇರಿಯಿದೆ, ರೈಲು ನಿಲ್ದಾಣವಿದೆ. 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು ಸ್ಥಾಪಿತವಾದುವು. 1986ರಲ್ಲಿ ಕ್ಯಾಂಪ್ಕೊ ಸಂಸ್ಥೆಯು ಚಾಕಲೇಟು ಕಾರ್ಖಾನೆಯನ್ನು ತೆರೆಯಿತು. 2011ರ ಜನಗಣತಿಯಲ್ಲಿಯೇ ಪಟ್ಟಣದ ಜನಸಂಖ್ಯೆ 50,000ವನ್ನು ಮೀರಿತ್ತು. ಇಷ್ಟೆಲ್ಲ ಒಂದೆಡೆ ಸೇರಿದಾಗ ಬೊಳುವಾರು, ದರ್ಬೆ, ನೆಹರುನಗರಗಳಲ್ಲಿ ಒಂದು ಸೆಂಟ್ಸು ಜಾಗವೂ ಚಿನ್ನದ ತೂಕಕ್ಕೆ ಬರುವುದು ಸ್ವಾಭಾವಿಕ. ಆದರೆ ಅಲ್ಲಿ ತುಟ್ಟಿ ಬಾಡಿಗೆ ಕೊಟ್ಟವನು ಕಚೇರಿಗೆ ನಡೆದು ಹೋಗಬಲ್ಲನು. ಮಗುವಿಗೆ ನಡುರಾತ್ರಿ ಜ್ವರ ಬಂದರೆ ವೈದ್ಯನನ್ನು ಕಾಣಬಲ್ಲನು. ಅವನು ಕೊಡುವ ಬಾಡಿಗೆಯಲ್ಲಿ ಇವೂ ಅಡಕವಾಗಿವೆ.

ಸುಳ್ಯದ ಬಗೆಯೇ ಬೇರೆ. 2011ರಲ್ಲಿ ಸುಮಾರು 20,000 ಜನಸಂಖ್ಯೆಯಿದ್ದ ಈ ಪಟ್ಟಣವನ್ನು ಬೆಳೆಸಿದುದು ವಿದ್ಯೆ. ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರು ಸ್ಮಾರಕ ಕಾಲೇಜನ್ನು ಆರಂಭಿಸಿದರು. 1986ರಲ್ಲಿ ಎಂಜಿನಿಯರಿಂಗ್ ಕಾಲೇಜು, ಈ ಶತಮಾನದ ಆರಂಭದಲ್ಲಿ ವೈದ್ಯಕೀಯ ಕಾಲೇಜು ಬಂದುವು. ಪಯಸ್ವಿನಿಯ ದಡದ ಒಂದು ಸಣ್ಣ ಪೇಟೆಗೆ ಪರವೂರುಗಳಿಂದ ವಿದ್ಯಾರ್ಥಿಗಳು ಬರತೊಡಗಿದರು. ಇದು ನಾಡಿಗೆ ಹೆಮ್ಮೆಯ ಸಂಗತಿಯೇ. ಆದರೆ ನಾಲ್ವರು ವಿದ್ಯಾರ್ಥಿಗಳು ಕೂಡಿ ಕೊಡಬಲ್ಲ ಬಾಡಿಗೆಯನ್ನು ಒಬ್ಬ ಗುಮಾಸ್ತನ ಸಂಬಳ ಕೊಡಲಾರದು. ಇದರ ಮೇಲೆ ಸಂಪಾಜೆ, ಅರಂತೋಡು, ಮರ್ಕಂಜ ಮೊದಲಾದೆಡೆಗಳಲ್ಲಿ ಹಳದಿ ಎಲೆ ರೋಗವು ಅಡಕೆ ತೋಟಗಳನ್ನು ತಿಂದುಹಾಕಿದೆ. ತೋಟದ ಆದಾಯ ಕುಂದಿದ ಕುಟುಂಬಗಳು ಪೇಟೆಯ ಕೆಲಸವನ್ನರಸಿ ಬಂದು ಅದೇ ಬಾಡಿಗೆ ಮನೆಗಳ ಸಾಲಿನಲ್ಲಿ ನಿಲ್ಲುತ್ತವೆ. ರೈಲು ಸುಳ್ಯಕ್ಕೆ ಇಂದಿಗೂ ಬಂದಿಲ್ಲ. ವಾಹನದ ಕಾಗದಪತ್ರಗಳಿಗೂ, ಉಪವಿಭಾಗದ ಮೇಲ್ಮನವಿಗೂ ಸುಮಾರು 35 ಕಿಲೋಮೀಟರು ದೂರದ ಪುತ್ತೂರಿಗೇ ಹೋಗಬೇಕು. ಬಾಡಿಗೆಯಲ್ಲಿ ಉಳಿದುದು ದಾರಿಯಲ್ಲಿ ಕರಗುತ್ತದೆ.

ಕಡಬವು ಉಪ್ಪಿನಂಗಡಿಯಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯ ಊರು. ಹೊಸ್ಮಠದ ಮುಳುಗು ಸೇತುವೆಯ ಮೇಲೆ ನೀರು ಬಂದಾಗಲೆಲ್ಲ ಸಂಚಾರ ನಿಲ್ಲುತ್ತಿದ್ದುದನ್ನು ಅಲ್ಲಿಯ ಜನರು ಮರೆತಿರಲಾರರು. ಎತ್ತರದ ಹೊಸ ಸೇತುವೆಯಾದ ಮೇಲೆ ಆ ಕಷ್ಟ ನೀಗಿತು. ತಾಲೂಕೆಂಬ ಹೆಸರು ಬಂದಿತು, ಪಟ್ಟಣ ಪಂಚಾಯತು ರಚಿತವಾಯಿತು, ಅದರ ಪ್ರಥಮ ಚುನಾವಣೆ 2025ರಲ್ಲಿ ನಡೆಯಿತು. ಆದರೆ ಹೆಸರು ಬಂದೊಡನೆ ಏರಿದುದು ಜಾಗದ ಬೆಲೆ. ಸೌಕರ್ಯಗಳು ಅದರ ಹಿಂದೆ ನಿಧಾನವಾಗಿ ನಡೆದು ಬರುತ್ತಿವೆ. ರಸ್ತೆಬದಿಯ ವರ್ಗ ಜಮೀನಿದ್ದವರಿಗೆ ಇದರಿಂದ ಲಾಭವಾಯಿತು. ಹೊಸ ಕಚೇರಿಗೆ ವರ್ಗವಾಗಿ ಬಂದ ನೌಕರನಿಗೆ ಮಾತ್ರ ಯೋಗ್ಯವಾದ ಮನೆ ಸಿಗುವುದು ಕಷ್ಟ. ಸಿಕ್ಕದಿದ್ದರೆ ಅವನು ಪುತ್ತೂರಿನಲ್ಲಿಯೇ ನಿಂತು ಪ್ರತಿದಿನ ಬಸ್ಸಿನಲ್ಲಿ ಬಂದು ಹೋಗುತ್ತಾನೆ. ಸಂಜೆಯ ಬಸ್ಸಿನ ಹೊತ್ತಿಗೆ ಅಧಿಕಾರಿಯು ಹೊರಟುಹೋಗುವ ಊರಿನಲ್ಲಿ ತಾಲೂಕು ಕಚೇರಿಯು ಅರ್ಧ ದಿನದ ಕಚೇರಿಯಾಗುವುದೆಂಬುದನ್ನು ಸರಕಾರವು ಗಮನಿಸಬೇಕು.

ಬಾಡಿಗೆ ಬೇಡ, ಸ್ವಂತ ಮನೆಯನ್ನೇ ಕಟ್ಟೋಣವೆಂದರೆ ಮೂರೂ ಊರುಗಳಿಗೆ ಸಾಮಾನ್ಯವಾದ ಬೇರೊಂದು ವೆಚ್ಚವಿದೆ. ಬಯಲುಸೀಮೆಯ ಚೌಕಟ್ಟಾದ ನಿವೇಶನವು ಇಲ್ಲಿಲ್ಲ. ಇರುವುದು ಗುಡ್ಡದ ಇಳಿಜಾರು. ಮೊದಲು ಯಂತ್ರ ತಂದು ಗುಡ್ಡ ಕಡಿದು ನೆಲ ಸಮಮಾಡಬೇಕು, ಕಡಿದ ಬದಿಗೆ ತಡೆಗೋಡೆ ಕಟ್ಟಬೇಕು, ಆ ಮೇಲೆ ಮುರಕಲ್ಲು, ಮರಳು, ಸಿಮೆಂಟಿನ ಮಾತು. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸಿಗೆ ಸುರಿಯುವ ಮಳೆಗೆ ಕಾಂಕ್ರೀಟಿನ ತಾರಸಿಯೊಂದೇ ಸಾಲದೆಂದು ಅದರ ಮೇಲೆ ತಗಡಿನ ಮಾಡನ್ನು ಹೊದಿಸಬೇಕು. ಒಂದು ಮನೆಗೆ ಎರಡು ಮಾಡು! ಇಷ್ಟೆಲ್ಲ ಸುರಿದರೂ ಏಪ್ರಿಲ್ ತಿಂಗಳಿಗೆ ಬಾವಿ ತಳ ಕಾಣುತ್ತದೆ. ತಡೆಗೋಡೆಗೆ ಹಣವಿಲ್ಲದವನು ಬರಿಯ ಧರೆಯ ಕೆಳಗೆ ಮಲಗುತ್ತಾನೆ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು, ಮನೆಮಠ ಕಳೆದುಕೊಂಡವರು ಸಂಪಾಜೆ, ಅರಂತೋಡುಗಳ ಆಶ್ರಯಕೇಂದ್ರಗಳಿಗೆ ಇಳಿದು ಬಂದುದನ್ನು ಕಂಡವರು ಇಳಿಜಾರಿನ ಮನೆಯ ಭಯವನ್ನು ಅತಿಶಯೋಕ್ತಿಯೆನ್ನಲಾರರು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇವೆ. ನಮ್ಮ ಜಿಲ್ಲೆಯು ಒಕ್ಕಲುತನದ ಕಷ್ಟವನ್ನು ಪುಸ್ತಕದಿಂದ ಕಲಿತುದಲ್ಲ. ಚಾಲಗೇಣಿಯ ಒಕ್ಕಲು ಧಣಿಯ ಅಂಗಳಕ್ಕೆ ಅಕ್ಕಿಮುಡಿ ಹೊತ್ತು, ಬರುವ ವರ್ಷ ಇದೇ ಗದ್ದೆಯಲ್ಲಿರುವೆನೋ ಇಲ್ಲವೋ ಎಂದು ತಿಳಿಯದೆ ಬಾಳಿದ ನಾಡು ಇದು. 1974ರ ಭೂಸುಧಾರಣೆಯ ತಿದ್ದುಪಡಿಯು ಗೇಣಿಯನ್ನು ರದ್ದುಮಾಡಿತು, ಉಳುವವನು ಒಡೆಯನಾದನು. ಅಂದು ಭೂಮಿ ಪಡೆದ ಅನೇಕರ ಮಕ್ಕಳು, ಮೊಮ್ಮಕ್ಕಳು ಇಂದು ಪೇಟೆಯಲ್ಲಿ ಮನೆಯೊಡೆಯರಾಗಿದ್ದಾರೆ. ಹನ್ನೊಂದು ತಿಂಗಳ ಕರಾರಿನ ಮೇಲೆ ಅವರ ಮನೆಯಲ್ಲಿರುವವನು ಇಂದಿನ ಚಾಲಗೇಣಿಯವನು. ಮನೆಯೊಡೆಯರನ್ನು ನಾವು ದೂಷಿಸುವುದಿಲ್ಲ. ಸಾಲ ಮಾಡಿ ಕಟ್ಟಿದ ಮನೆಯ ಕಂತು ಅವರನ್ನೂ ಕಾಡುತ್ತಿರುತ್ತದೆ. ಆದರೆ ತಾತನು ಬೇಡಿದ ಭದ್ರತೆಯನ್ನು ಮೊಮ್ಮಗನು ತನ್ನ ಬಾಡಿಗೆದಾರನಿಗೆ ಕೊಡಲು ಹಿಂಜರಿಯಬಾರದೆಂದು ಹೇಳುವ ಹಕ್ಕು ಪತ್ರಿಕೆಗಿದೆ.

ಇವರೆಲ್ಲರಿಗಿಂತಲೂ ಕೆಳಗಿನ ಮೆಟ್ಟಿಲಲ್ಲಿ ರಬ್ಬರು ತೋಟಗಳ ಕಾರ್ಮಿಕರಿದ್ದಾರೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳಿಗೆ ಈ ತಾಲೂಕುಗಳ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಕೆಲಸವೂ ವಸತಿಯೂ ದೊರೆತುವು. ಕೆಲಸಕ್ಕೆ ಅಂಟಿಕೊಂಡ ಮನೆ ಕೆಲಸ ಮುಗಿದಂದು ಯಾರದು? ಇಲ್ಲಿಯೇ ಹುಟ್ಟಿ, ಇಲ್ಲಿಯ ಶಾಲೆಯಲ್ಲಿ ಕನ್ನಡ ಕಲಿತ ಅವರ ಮಕ್ಕಳನ್ನು ಪರಕೀಯರೆನ್ನುವುದು ಸ್ವರಾಜ್ಯಕ್ಕೆ ಶೋಭೆಯಲ್ಲ.

ಪರಿಹಾರಕ್ಕೆ ದೂರ ಹುಡುಕಬೇಕಾಗಿಲ್ಲ. ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘವನ್ನು ಕಟ್ಟಿದರು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಹುಟ್ಟಿದುದೂ ಆ ಊರಿನಲ್ಲಿಯೇ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಹುಟ್ಟಿ ಅಡಕೆಯ ಬೆಳೆಗಾರನನ್ನು ಕಾಪಾಡಿತು. ಸಾಲಕ್ಕೂ ಅಡಕೆಗೂ ಸಹಕಾರವನ್ನು ಕಂಡುಕೊಂಡ ಜನರು ಸೂರಿಗೆ ಏಕೆ ಕಂಡುಕೊಳ್ಳಬಾರದು? ಸಂಘಗಳು ನಿವೇಶನ ಹಂಚಿ ಕೈತೊಳೆದುಕೊಳ್ಳದೆ, ಸಣ್ಣ ಸಂಬಳದವರಿಗಾಗಿ ಬಾಡಿಗೆ ಮನೆಗಳನ್ನೇ ಕಟ್ಟಿ ನಡೆಸಲಿ. ಸುಳ್ಯದ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳಿಗೆ ಸಾಕಷ್ಟು ನಿಲಯಗಳನ್ನು ಒದಗಿಸಿ ಪೇಟೆಯ ಮನೆಗಳನ್ನು ಸಂಸಾರಗಳಿಗೆ ಬಿಟ್ಟುಕೊಡಲಿ. ಕಡಬದಲ್ಲಿ ಸರಕಾರವು ತನ್ನ ನೌಕರರಿಗೆ ವಸತಿಗೃಹಗಳನ್ನು ಸಾಕಷ್ಟು ಕಟ್ಟಲಿ. 2023ರ ಜೂನ್ ತಿಂಗಳಿಂದ ಸ್ತ್ರೀಯರಿಗೆ ಸರಕಾರಿ ಬಸ್ಸಿನಲ್ಲಿ ದರವಿಲ್ಲವೆಂಬುದು ಬಡ ಸಂಸಾರಗಳಿಗೆ ಬಾಡಿಗೆ ಇಳಿದಷ್ಟೇ ಉಪಕಾರ ಮಾಡಿದೆ. ಆದರೆ ಬಸ್ಸೇ ಇಲ್ಲದ ಹೊತ್ತಿನಲ್ಲಿ ದರವಿಲ್ಲದಿದ್ದರೇನು ಫಲ? ಮುಂಜಾನೆ ಮತ್ತು ರಾತ್ರಿಯ ಬಸ್ಸುಗಳು ಹೆಚ್ಚಲಿ. ತಡೆಗೋಡೆಯಿಲ್ಲದೆ ಗುಡ್ಡ ಕಡಿಯುವುದಕ್ಕೆ ಪಂಚಾಯತುಗಳು ಅನುಮತಿಯನ್ನು ಕೊಡದಿರಲಿ.

ತಾಲೂಕುಗಳನ್ನು ಎಷ್ಟು ಬೇಕಾದರೂ ಒಡೆಯಬಹುದು. ನಕಾಶೆಯ ಮೇಲೆ ಗೆರೆ ಎಳೆಯಲು ಖರ್ಚಿಲ್ಲ. ದುಡಿದು ಬಂದವನು ನಿಶ್ಚಿಂತೆಯಿಂದ ಮಲಗಬಲ್ಲ ಸೂರು, ಅಲ್ಲಿಂದ ಕೆಲಸಕ್ಕೂ ಆಸ್ಪತ್ರೆಗೂ ಎಟುಕುವ ದಾರಿ, ಇವೆರಡನ್ನು ಕೊಟ್ಟ ಊರೇ ಅಗ್ಗದ ಊರು. ಪುತ್ತೂರು, ಸುಳ್ಯ, ಕಡಬಗಳ ಮಹಾಜನರು ತಮ್ಮ ಪ್ರತಿನಿಧಿಗಳಿಂದ ಮುಂದಿನ ಸಲ ಈ ಲೆಕ್ಕವನ್ನೇ ಕೇಳಲೆಂದು ನಾವು ಬಯಸುತ್ತೇವೆ.