ಓಓ ಹಕ್ಕಿಯ ಕೊನೆಯ ದನಿ

ಪೆಸಿಫಿಕ್ ಮಹಾಸಾಗರದ ನಡುವೆ, ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ತುಸು ದಕ್ಷಿಣದಲ್ಲಿ, ಹವಾಯಿ ದ್ವೀಪಸಮೂಹಕ್ಕೆ ಸೇರಿದ ಕವಾಯಿ ಎಂಬ ದ್ವೀಪವಿದೆ. ಅದರ ನೆತ್ತಿಯ ಮೇಲಿನ ಅಲಕಾಯಿ ಪ್ರಸ್ಥಭೂಮಿಯು ವರ್ಷದ ಬಹುಕಾಲ ಮಳೆ ಮಂಜುಗಳಲ್ಲಿ ಮುಳುಗಿರುವ ಜೌಗು ಅರಣ್ಯ. ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಒಂದು ಹಾಡುಹಕ್ಕಿಯು ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೂ ಆ ಅರಣ್ಯದಲ್ಲಿ ಬದುಕಿತ್ತು.

ದ್ವೀಪವಾಸಿಗಳು ಅದರ ಕೂಗನ್ನೇ ಅನುಸರಿಸಿ ಅದನ್ನು ಓಓ ಎಂದು ಕರೆದರು. ಸುಮಾರು 20 ಸೆಂಟಿಮೀಟರ್ ಉದ್ದದ ಕಪ್ಪು ಮೈ, ತೊಡೆಯ ಮೇಲೆ ಹೊಂಬಣ್ಣದ ಗರಿ, ಕೊಳಲಿನಂಥ ದನಿ. ಹೂಗಳ ಮಕರಂದವೂ ಕೀಟಗಳೂ ಅದರ ಆಹಾರ. ಹಳೆಯ ಮರಗಳ ಪೊಟರೆಗಳಲ್ಲಿ ಅದರ ಗೂಡು. ಆಸ್ಟ್ರೇಲಿಯದ ಮಕರಂದ ಹೀರುವ ಹಕ್ಕಿಗಳ ಬಳಗಕ್ಕೆ ಇದು ಸೇರಿದ್ದೆಂದು ಬಹುಕಾಲ ನಂಬಲಾಗಿತ್ತು. ವಸ್ತುಸಂಗ್ರಹಾಲಯಗಳಲ್ಲಿದ್ದ ಮಾದರಿಗಳ ಡಿ.ಎನ್.ಎ. ಪರೀಕ್ಷೆಯಿಂದ ಇದೂ ಇದರ ಬಂಧುಗಳೂ ಹವಾಯಿಗೇ ಸೀಮಿತವಾದ ಪ್ರತ್ಯೇಕ ಕುಟುಂಬವೆಂದು 2008ರಲ್ಲಿ ತಿಳಿಯಿತು. ಆದರೆ ಹಾಗೆ ತಿಳಿಯುವ ಹೊತ್ತಿಗೆ ಆ ಕುಟುಂಬದಲ್ಲಿ ಒಂದು ಜೀವವೂ ಉಳಿದಿರಲಿಲ್ಲ.

ಈ ನಾಶಕ್ಕೆ ಕಾರಣಗಳು ಹಲವು: ಹಡಗುಗಳೊಡನೆ ಬಂದ ಇಲಿಗಳು, ಕಾಡನ್ನು ಉತ್ತು ಹಾಳುಗೆಡವಿದ ಹಂದಿಗಳು, ಬೆಟ್ಟದ ತಪ್ಪಲಿನ ಅರಣ್ಯನಾಶ. ಇವೆಲ್ಲಕ್ಕಿಂತ ಘೋರವಾದುದು ಸೊಳ್ಳೆ. ಮೊದಲು ಹವಾಯಿಯಲ್ಲಿ ಸೊಳ್ಳೆಯೇ ಇರಲಿಲ್ಲ. 1826ರಲ್ಲಿ ಹಡಗೊಂದರ ನೀರಿನ ಪೀಪಾಯಿಗಳ ಮೂಲಕ ಅದು ದಡ ಸೇರಿತೆಂದು ಹೇಳಲಾಗುತ್ತದೆ. ನಮ್ಮ ಊರುಗಳ ಕೊಳಚೆ ನೀರಿನಲ್ಲಿ ಬೆಳೆದು ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಜಾತಿಯೇ ಅದು. ಹೊರನಾಡಿನ ಪಕ್ಷಿಗಳೊಡನೆ ಬಂದ ಪಕ್ಷಿಮಲೇರಿಯಾವನ್ನು ಈ ಸೊಳ್ಳೆ ಅಲ್ಲಿಯ ಹಕ್ಕಿಗಳಿಗೆ ಹಂಚಿತು. ಸಹಸ್ರಾರು ವರ್ಷ ಆ ರೋಗವನ್ನೇ ಅರಿಯದ ಹಕ್ಕಿಗಳಲ್ಲಿ ಅದನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ತಂಪಿನಲ್ಲಿ ರೋಗಾಣು ಬೆಳೆಯದು. ಆದುದರಿಂದ ಎತ್ತರದ ಕಾಡೊಂದೇ ಆಸರೆಯಾಯಿತು. ಓಓ ಅಲಕಾಯಿಯನ್ನು ಸೇರಿದ್ದು ಹೀಗೆ. ಅದು ಆಯ್ದುಕೊಂಡ ಮನೆಯಲ್ಲ, ಅಟ್ಟಲ್ಪಟ್ಟು ಸೇರಿದ ಮೂಲೆ.

ಅಳಿದೇಹೋಯಿತೆಂದು ಭಾವಿಸಲಾಗಿದ್ದ ಹಕ್ಕಿ 1960ರಲ್ಲಿ ಮತ್ತೆ ಕಂಡಿತು. ಅದರ ಗೂಡನ್ನು ಜಾನ್ ಸಿಂಕಾಕ್ ಎಂಬ ಜೀವಶಾಸ್ತ್ರಜ್ಞರು ಮೊದಲ ಬಾರಿಗೆ ಗುರುತಿಸಿದ್ದು 1971ರಲ್ಲಿ. 1982ರ ಇವಾ ಚಂಡಮಾರುತದ ಬಳಿಕ ಹೆಣ್ಣುಹಕ್ಕಿ ಕಾಣಲಿಲ್ಲ. ಒಂಟಿ ಗಂಡು ಹಾಡುತ್ತಲೇ ಇತ್ತು. 1985ರಲ್ಲಿ ಅದು ಕೊನೆಯ ಬಾರಿ ಕಣ್ಣಿಗೆ ಬಿತ್ತು. 1987ರಲ್ಲಿ ಕೊನೆಯ ಬಾರಿ ಕಿವಿಗೆ. ಅದರ ಹಾಡಿನ ಧ್ವನಿಮುದ್ರಿಕೆಗಳು ಉಳಿದಿವೆ. ಅಮೆರಿಕ ಸರ್ಕಾರವು 2023ರಲ್ಲಿ, ಅಳಿದುದೆಂಬ ಕಾರಣದಿಂದ, ಸಂರಕ್ಷಿತ ಜೀವಿಗಳ ಪಟ್ಟಿಯಿಂದ ಅದರ ಹೆಸರನ್ನು ತೆಗೆಯಿತು.

ಹವಾಯಿಯ ಉಳಿದ ಅರಣ್ಯಪಕ್ಷಿಗಳ ಪಾಲಿಗೆ ಅದೇ ಸೊಳ್ಳೆ ಇಂದಿಗೂ ಮೃತ್ಯು. ಹವೆ ಬಿಸಿಯಾದಂತೆ ಅದು ಮೇಲೇರುತ್ತಿದೆ; ಹಕ್ಕಿಗಳಿಗೆ ಅದಕ್ಕಿಂತ ಮೇಲೇರಲು ಬೆಟ್ಟವಿಲ್ಲ. ಇದಕ್ಕೆ ಪ್ರತಿಯಾಗಿ 2023ರಿಂದ ಮಾವಿ ದ್ವೀಪದ ಕಾಡುಗಳಲ್ಲಿ, ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾವನ್ನು ಹೊತ್ತ ಗಂಡು ಸೊಳ್ಳೆಗಳನ್ನು ಬಿಡಲಾಗುತ್ತಿದೆ. ಗಂಡು ಸೊಳ್ಳೆ ಕಚ್ಚುವುದಿಲ್ಲ. ಅದರೊಡನೆ ಕೂಡಿದ ಕಾಡಿನ ಹೆಣ್ಣು ಇಡುವ ಮೊಟ್ಟೆಗಳು ಒಡೆದು ಮರಿಯಾಗುವುದಿಲ್ಲ.