ಒಂದೇ ಇಂಟರ್ನೆಟ್ ಸಂಪರ್ಕ, ಎರಡು ಕಂಪ್ಯೂಟರು

ಮೇಜಿನ ಮೇಲಿನ ಕಂಪ್ಯೂಟರಿಗೆ ಇಂಟರ್ನೆಟ್ ಇದೆ, ಮಕ್ಕಳು ತಂದ ಲ್ಯಾಪ್‌ಟಾಪಿಗೆ ಇಲ್ಲ. ಇನ್ನೊಂದು ಸಂಪರ್ಕ ಕೊಳ್ಳಬೇಕೆ ಎಂದು ಸದಸ್ಯ ಬಾಂಧವರು ವಿಚಾರಿಸುವುದುಂಟು. ಬೇಡವೆಂದೇ ನಮ್ಮ ಸಲಹೆ. ತೋಟಕ್ಕೆ ಬಂದ ಒಂದೇ ಪೈಪಿಗೆ ಕವಲು ಹಾಕಿ ಸಸಿಮಡಿಗೂ ನೀರು ಕೊಡುವಂತೆ, ಒಂದು ಸಂಪರ್ಕವನ್ನು ಎರಡಕ್ಕೂ ಹಂಚಬಹುದು.

ಮೊದಲು ಮೋಡೆಮನ್ನು ನೋಡಿರಿ. ಅದರಲ್ಲೇ ವೈಫೈ ಇದ್ದರೆ ಲ್ಯಾಪ್‌ಟಾಪನ್ನು ನೇರವಾಗಿ ಅದಕ್ಕೇ ಸೇರಿಸಿದರಾಯಿತು. ವೈಫೈ ಇಲ್ಲದ ಮೋಡೆಮಿನ ತಂತಿ ಕಂಪ್ಯೂಟರಿಗೆ ಬಂದಿದ್ದರೆ, ಇಲ್ಲವೆ ಸಿಮ್ ಹಾಕಿದ ಡಾಂಗಲ್ ಬಳಸುತ್ತಿದ್ದರೆ ಮಾತ್ರ ಕೆಳಗಿನ ಕ್ರಮಗಳು ಬೇಕಾಗುತ್ತವೆ. ಇವು ವಿಂಡೋಸ್ 11ಕ್ಕೆ ಸಂಬಂಧಿಸಿದವು.

1. ವೈಫೈ ಮೂಲಕ: ಕಂಪ್ಯೂಟರಿನಲ್ಲಿ ವೈಫೈ ಇರಬೇಕು. ಇಲ್ಲದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಚಿಕ್ಕ ವೈಫೈ ಅಡಾಪ್ಟರ್ ಸಾಕು. ‘ಸೆಟ್ಟಿಂಗ್ಸ್’ನಲ್ಲಿ ‘ನೆಟ್‌ವರ್ಕ್ ಅಂಡ್ ಇಂಟರ್ನೆಟ್’, ಅದರೊಳಗೆ ‘ಮೊಬೈಲ್ ಹಾಟ್‌ಸ್ಪಾಟ್’ ತೆರೆಯಿರಿ. ಯಾವ ಸಂಪರ್ಕವನ್ನು ಹಂಚಬೇಕೆಂದು ಆರಿಸಿ, ‘ಎಡಿಟ್’ನಲ್ಲಿ ಹೆಸರು ಮತ್ತು ಕನಿಷ್ಠ 8 ಅಕ್ಷರಗಳ ಪಾಸ್‌ವರ್ಡ್ ಕೊಟ್ಟು, ಆನ್ ಮಾಡಿರಿ. ನಡುವೆ ದಪ್ಪ ಗೋಡೆಗಳಿದ್ದರೆ 2.4 ಗಿಗಾಹರ್ಟ್ಸ್ ಆರಿಸುವುದು ಮೇಲು. ಹೀಗೆ 8 ಸಾಧನಗಳವರೆಗೆ ಸೇರಿಸಬಹುದು.

2. ತಂತಿ ಮೂಲಕ: ಡಾಂಗಲ್ ಬಳಸುವವರ ಕಂಪ್ಯೂಟರಿನಲ್ಲಿ ಲ್ಯಾನ್ ಕಿಂಡಿ ಖಾಲಿ ಇರುತ್ತದೆ. ಮೋಡೆಮಿನ ತಂತಿಯೇ ಅಲ್ಲಿದ್ದರೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಬೇಕು. ಲ್ಯಾಪ್‌ಟಾಪಿಗೆ ಲ್ಯಾನ್ ತಂತಿ ಎಳೆಯಿರಿ. ಅದು 100 ಮೀಟರ್ ಮೀರಬಾರದು. ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ ‘ಎನ್‌ಸಿಪಿಎ.ಸಿಪಿಎಲ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ಸಂಪರ್ಕಗಳ ಪಟ್ಟಿ ಬರುತ್ತದೆ. ಇಂಟರ್ನೆಟ್ ಬರುವ ಸಂಪರ್ಕದ ‘ಪ್ರಾಪರ್ಟೀಸ್’ನಲ್ಲಿ ‘ಶೇರಿಂಗ್’ ತೆರೆದು, ಮೊದಲ ಚೌಕಕ್ಕೆ ಗುರುತು ಹಾಕಿರಿ. ಕೆಳಗೆ ಪಟ್ಟಿ ಕಂಡರೆ ಲ್ಯಾಪ್‌ಟಾಪಿಗೆ ಹೋಗುವ ಸಂಪರ್ಕವನ್ನು ಆರಿಸಬೇಕು. ಲ್ಯಾಪ್‌ಟಾಪಿನಲ್ಲಿ ವಿಳಾಸ ತಾನಾಗಿ ಬರುವಂತೆ ಬಿಟ್ಟರೆ ಸಾಮಾನ್ಯವಾಗಿ 192.168.137ರಿಂದ ಆರಂಭವಾಗುವ ಸಂಖ್ಯೆ ಬರುತ್ತದೆ.

ಕೆಲವು ಎಚ್ಚರಿಕೆಗಳು:

ಕಂಪ್ಯೂಟರ್ ನಿದ್ರೆಗೆ ಹೋದರೆ ಲ್ಯಾಪ್‌ಟಾಪಿನ ಇಂಟರ್ನೆಟ್ ಕೂಡ ನಿಲ್ಲುತ್ತದೆ. ಬೆಳೆ ವಿಮೆಯ ಅರ್ಜಿ ತುಂಬುವಾಗ ಹೀಗಾಗದಂತೆ ‘ಸ್ಲೀಪ್’ ಅನ್ನು ‘ನೆವರ್’ ಎಂದಿಡಿ. ಕರೆಂಟು ಹೋಗುವ ಕಡೆ ಮೋಡೆಮಿಗೂ ಯುಪಿಎಸ್ ಬೇಕು. ಕರೆಂಟು ಹೋಗಿ ಬಂದಮೇಲೆ ಹಾಟ್‌ಸ್ಪಾಟ್ ಮತ್ತೆ ಆನ್ ಆಗಿದೆಯೇ ನೋಡಿರಿ. ತಂತಿಯ ಹಂಚಿಕೆ ನಿಂತಿದ್ದರೆ ಆ ಗುರುತನ್ನು ತೆಗೆದು ಪುನಃ ಹಾಕಿರಿ.

ಒಂದೇ ನೀರನ್ನು ಇಬ್ಬರು ಬಳಸಿದಂತೆ ವೇಗವೂ ಹಂಚಿಹೋಗುತ್ತದೆ. ಒಂದರಲ್ಲಿ ಸಿನಿಮಾ ಓಡುತ್ತಿದ್ದರೆ ಇನ್ನೊಂದರಲ್ಲಿ ಅರ್ಜಿ ತೆವಳುತ್ತದೆ.

ಲೆಕ್ಕಪತ್ರ, ಬ್ಯಾಂಕ್ ವ್ಯವಹಾರ ಇರುವ ಕಂಪ್ಯೂಟರಿನ ಪಾಸ್‌ವರ್ಡನ್ನು ಬಂದವರಿಗೆಲ್ಲ ಹೇಳತಕ್ಕದ್ದಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಯ ಸಂಪರ್ಕಕ್ಕೆಲ್ಲ ಬಾಗಿಲಾಗುವ ಕಂಪ್ಯೂಟರನ್ನು ಆ ಸ್ಥಿತಿಯಲ್ಲಿ ಉಳಿಸುವುದು ಕ್ಷೇಮವಲ್ಲ.

ಕೊನೆಯದಾಗಿ, ಮನೆಯಿಂದ ಕಣದ ಶೆಡ್ಡಿಗೆ ಹೊರಗಡೆ ಲ್ಯಾನ್ ತಂತಿ ಎಳೆದವರು ಹೂಮಳೆಯ ಕಾಲದಲ್ಲಿ ಮೋಡ ಕವಿದೊಡನೆ ಅದನ್ನು ಎರಡೂ ಕಡೆ ಕಳಚಿಡಬೇಕು. ಗುಡುಗು ಶುರುವಾದಮೇಲೆ ಮಾತ್ರ ತಂತಿ ಮುಟ್ಟಲು ಹೋಗಬಾರದು. ಸಿಡಿಲು ಬಡಿದರೆ ಅದೇ ತಂತಿಯಲ್ಲಿ ಹರಿದು ಎರಡು ಯಂತ್ರಗಳನ್ನೂ ಸುಡಬಲ್ಲದು. ಅಂಥ ಕಡೆ ವೈಫೈ ತಲುಪುವುದಾದರೆ ಅದನ್ನೇ ನೆಚ್ಚುವುದು ಲೇಸು.